ಖಾಲಿಯಾಗದ ಜೇಬು

ನಮ್ಮ ಸಬ್‌ಸ್ಟೇಷನ್ನಿನಲ್ಲಿ ಅವರು ಎಲ್ಲರಿಗೂ ಭಾವ. ನಿಜವಾದ ಭಾವ ನನಗೊಬ್ಬನಿಗೇ, ನನ್ನ ಅಕ್ಕನ ಗಂಡ. ನಾನು ಕರೆಯುವುದನ್ನು ಕೇಳಿ ಕೇಳಿ ಆಪರೇಟರು, ವಾಚ್‌ಮನ್, ಕೊನೆಗೆ ಎಂಜಿನಿಯರ್ ಸಾಹೇಬರೂ ಹಾಗೇ ಕರೆಯತೊಡಗಿದರು. "ನಿಮ್ಮಕ್ಕನ್ನ ಮದುವೆಯಾಗಿ ಊರಿಗೆಲ್ಲ ಭಾವ ಆದೆ ನೋಡು" ಎಂದು ಭಾವ ನನ್ನನ್ನು ಛೇಡಿಸುತ್ತಿದ್ದರು.

ರಿಲೇ ಪರೀಕ್ಷೆ ನಮ್ಮಿಬ್ಬರ ಕೆಲಸ. ತಂತಿ ಹರಿದು ಬಿದ್ದರೆ ಮೊದಲು ಅರಿಯುವುದು ರಿಲೇ. ಅದು ಹೇಳಿದ ಕೂಡಲೇ ಬ್ರೇಕರ್ ತೆರೆದುಕೊಂಡು ಲೈನಿನ ಕರೆಂಟು ನಿಲ್ಲಬೇಕು. ಪರೀಕ್ಷೆಗೆಂದು ನಾವು ಸುಳ್ಳು ಕರೆಂಟು ಕೊಟ್ಟಾಗ ಬ್ರೇಕರ್ ಹೌಹಾರಬಾರದಲ್ಲ, ಅದಕ್ಕೆ ಪ್ಯಾನೆಲ್ ಪೆಟ್ಟಿಗೆಯೊಳಗೆ ಇವೆರಡನ್ನು ಜೋಡಿಸುವ ಬೆರಳುದ್ದದ ಹಿತ್ತಾಳೆ ಲಿಂಕನ್ನು ಬಿಚ್ಚಿಟ್ಟುಕೊಳ್ಳುತ್ತೇವೆ. ಅದನ್ನು ಮರಳಿ ಹಾಕಲು ಮರೆತರೆ ರಿಲೇ ಎಷ್ಟು ಬಡಿದುಕೊಂಡರೂ ಬ್ರೇಕರಿಗೆ ಕೇಳಿಸದು. ಹರಿದ ತಂತಿ ಕರೆಂಟಿನ ಸಮೇತ ಬೀದಿಯಲ್ಲಿ ಬಿದ್ದಿರುತ್ತದೆ.

ಅದಕ್ಕೇ ಭಾವ ಒಂದು ಕಟ್ಟಳೆ ಮಾಡಿದ್ದರು. ಬಿಚ್ಚಿದ ಲಿಂಕು ಅಂಗಿಯ ಎಡ ಜೇಬಿಗೇ ಹೋಗಬೇಕು. ಜೇಬು ಖಾಲಿಯಾಗದೆ ಯಾರೂ ಗೇಟು ದಾಟುವಂತಿಲ್ಲ. ಸಂಜೆಯಾದರೆ ಒಬ್ಬರು "ಜೇಬು?" ಎನ್ನಬೇಕು, ಇನ್ನೊಬ್ಬರು ಅದನ್ನು ಹೊರಗೆಳೆದು ತೋರಿಸಬೇಕು. ಹೊಸಬರು ಮುಸಿಮುಸಿ ನಕ್ಕರೆ ಅವರಿಗೆ ಗ್ರಹಚಾರ ಬಿಡಿಸುತ್ತಿದ್ದರು.

ಆ ದಿನ ಭಾವ ಒಂದು ಲಿಂಕು ಬಿಚ್ಚಿ ಜೇಬಿಗೆ ಹಾಕಿಕೊಂಡು, ಪರೀಕ್ಷೆ ಮುಗಿಯುವ ಮೊದಲೇ ಊಟಕ್ಕೆ ಹೋದರು. ಕ್ವಾರ್ಟರ್ಸು ಕಾಂಪೌಂಡಿನ ಒಳಗೇ ಇತ್ತು. ಬರುವಾಗ ತಲೆ ಒದ್ದೆ, ಮೈಮೇಲೆ ಇಸ್ತ್ರಿಯ ಬೇರೆ ಅಂಗಿ. "ಏನ್ ಭಾವ, ಮದುವೆ ಮನೆಗಾ?" ಎಂದು ನಕ್ಕೆ. ಅವರೂ ನಕ್ಕರು. ಸಂಜೆ "ಜೇಬು?" ಎಂದೆ. ಎಳೆದು ತೋರಿಸಿದರು, ಖಾಲಿ. ಲೈನಿಗೆ ಕರೆಂಟು ಬಿಟ್ಟೆವು. ಪ್ಯಾನೆಲ್ಲಿನ ಬಾಗಿಲು ತೆಗೆದು ನೋಡಲು ನನಗೇನು ದಾಡಿಯಾಗಿತ್ತೋ!

ಮರುದಿನ ಬೆಳಿಗ್ಗೆ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದು ನನ್ನೆದುರು ಮುಷ್ಟಿ ಬಿಚ್ಚಿದಳು. "ಬಟ್ಟೆ ಒಗೀತಿದ್ದೆ. ಬಕೆಟ್ಟಲ್ಲಿ ಟಣ್ ಅಂತು ಕಣೋ."

ಅವಳ ಕೈಯಿಂದ ಲಿಂಕು ಕಿತ್ತುಕೊಂಡು ಓಡಿಹೋಗಿ ಪ್ಯಾನೆಲ್ಲಿಗೆ ಹಾಕಿದೆ. ನಿನ್ನೆ ಸಂಜೆಯಿಂದ ಆ ಲೈನಿಗೆ ಹೇಳೋರು ಕೇಳೋರು ಇರಲಿಲ್ಲ. ಯಾರಿಗೂ ಏನೂ ಆಗದಿದ್ದುದು ನಮ್ಮ ಪುಣ್ಯ. ಹೊರಗೆ ಬಂದಾಗ ಅಕ್ಕ ಅಲ್ಲೇ ನಿಂತಿದ್ದಳು.

"ನಿನ್ನೆ ಉಂಡು ಒಂದ್ ಗಳಿಗೆ ಮಲಗಿದ್ರು" ಎಂದಳು ಅಕ್ಕ. "ಎದ್ದವರು ಬೆಳಗಾಯ್ತು ಅಂದ್ಕೊಂಡು ಸ್ನಾನ ಮಾಡಿ, ಬೇರೆ ಅಂಗಿ ಹಾಕ್ಕೊಂಡು ಹೊರಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಇದೇನ್ ಮೊದಲ್ನೇ ಸಲಾನಾ? ಏನಂತ ಹೇಳ್ಲಿ? ಕೆಲಸ ಅಂತ ಒಂದಿದ್ರೆ ತಲೆ ಅಷ್ಟಾದ್ರೂ ನಿಲ್ಲುತ್ತೆ ಅಂದ್ಕೊಂಡೆ. ಸಾಹೇಬ್ರಿಗೆ ಹೇಳ್ಬೇಡ್ವೋ. ಮನೇಲಿ ಕೂತ್ರೆ ಮುಗಿದೇ ಹೋಗ್ತಾರೆ."

ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳು ಬಂತು. ಒಳಗೆ ಭಾವ ಆಪರೇಟರನ ಮುಂದೆ ಅದೇ ರಿಲೇಯ ಸೆಟ್ಟಿಂಗುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದೂ ತಪ್ಪಿರಲಿಲ್ಲ. ನಾನು ಸಾಹೇಬರಿಗೆ ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಆ ಲೈನು ಒಂದು ಶಾಲೆಯ ಮುಂದೆ ಹಾದುಹೋಗುತ್ತದೆ.

ಭಾವನನ್ನು ಕೆಲಸದಿಂದ ಬಿಡಿಸಿದರು. ಕ್ವಾರ್ಟರ್ಸು ಬಿಟ್ಟು ಬಾಡಿಗೆ ಮನೆಗೆ ಹೋದರು. ಈ ಮರೆವು ವಾಸಿಯಾಗುವ ಕಾಯಿಲೆಯಲ್ಲ, ಏರುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅಕ್ಕ ನನ್ನೊಂದಿಗೆ ಮಾತು ಬಿಟ್ಟಳು. ಬೆಳಗಾದರೆ ಭಾವ ಡ್ಯೂಟಿಗೆಂದು ಹೊರಟುಬಿಡುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕರು, ಒಮ್ಮೆ ಹೆದ್ದಾರಿಯ ನಟ್ಟನಡುವೆ. ಬೀಗ ಹಾಕಿದರೆ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅಕ್ಕ ಕೊನೆಗೊಂದು ದಿನ ಫೋನ್ ಮಾಡಿದಳು. "ಒಂದು ಲಿಂಕ್ ತಂದ್ಕೊಡು."

"ಯಾಕಕ್ಕ?"

"ತಂದ್ಕೊಡು ಅಂದ್ರೆ ತಂದ್ಕೊಡು."

ಗುಜರಿಗೆ ಹಾಕಿದ್ದ ಪ್ಯಾನೆಲ್ಲಿನಿಂದ ಒಂದನ್ನು ಬಿಚ್ಚಿ ಒಯ್ದೆ. ಅಕ್ಕ ಅದನ್ನು ಭಾವನ ಎಡ ಜೇಬಿಗೆ ಹಾಕಿದಳು.

ಅಂದಿನಿಂದ ಅವರು ಗೇಟು ದಾಟಿಲ್ಲ. ಗೇಟಿನವರೆಗೆ ನಡೆಯುತ್ತಾರೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಹಿಂದಿರುಗುತ್ತಾರೆ. ಕಪಾಟು, ಫ್ರಿಜ್ಜು, ಹೊಲಿಗೆ ಮಿಷನ್ನಿನ ಡಬ್ಬ, ಎಲ್ಲವನ್ನೂ ತೆರೆದು ಅದನ್ನು ಹಾಕುವ ಜಾಗ ಹುಡುಕುತ್ತಾರೆ. ಅಂಗಿ ಬದಲಾಯಿಸುವಾಗ ಅಕ್ಕ ಲಿಂಕನ್ನು ಮರೆಯದೆ ಹೊಸ ಅಂಗಿಯ ಜೇಬಿಗೆ ಹಾಕುತ್ತಾಳೆ.

ಸಂಜೆ ನಾನು ಹೋದರೆ ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ಯುತ್ತಾರೆ.

"ನೀನ್ಯಾರು ಅಂತ ಗೊತ್ತಾಗ್ತಿಲ್ಲಪ್ಪ. ಆದ್ರೆ ಟೆಸ್ಟಿಂಗ್‌ನೋನೇ ಅಲ್ವಾ? ಈ ಲಿಂಕ್ ಯಾವ ಪ್ಯಾನೆಲ್ದು ಹೇಳು. ಹಾಕಿ ಮನೆಗೆ ಹೋಗ್ತೀನಿ. ಹೆಂಡ್ತಿ ಊಟಕ್ಕೆ ಕಾಯ್ತಿರ್ತಾಳೆ."

"ನಾಳೆ ಹುಡುಕೋಣ ಭಾವ" ಎನ್ನುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ತಟ್ಟೆ ಹಿಡಿದು ನಿಂತಿರುತ್ತಾಳೆ.