ಬೀರುವಿನ ಹಿಂದಿನ ಗೋಡೆ

"ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಆಟಿಸಂ ಇತ್ತಾ?" ಮಗನನ್ನು ಪರೀಕ್ಷಿಸಿದ ಡಾಕ್ಟರು ಕೇಳಿದರು.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಅಂದರೆ ತಪ್ಪೆಲ್ಲ ನನ್ನ ತವರಿನದು. ಮೈ ಉರಿದುಹೋಯಿತು. ನನ್ನ ಗಂಡನೊಬ್ಬನನ್ನೇ ಹೆತ್ತವರ ಜಂಬ ಅದು.

ಒಡಹುಟ್ಟಿದವರಿಗೂ ಬರಬಹುದು, ಆದರೆ ಗಂಡುಮಕ್ಕಳಲ್ಲೇ ಹೆಚ್ಚು ಎಂದರು ಡಾಕ್ಟರು. ನಾನು ತುಂಬು ಬಸುರಿ. ಹೆಣ್ಣಾದರೆ ಬದುಕಿದೆ ಅಂದುಕೊಂಡೆ.

ಹಿಂದಿನ ಕೋಣೆಯ ಬೀರುವನ್ನು ಅತ್ತೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹೆರಿಗೆಗೆ ಮುಂಚೆ ಮನೆಗೆ ಬಣ್ಣ ಹೊಡೆಸುತ್ತಿದ್ದೆವು; ಅವರು ಅಂಗಡಿಗೆ ಹೋದಾಗ ಬಣ್ಣದವನ ಕೈಲಿ ಅದನ್ನು ಪಕ್ಕಕ್ಕೆ ಎಳೆಸಿದೆ. ಅದರ ಹಿಂದೆ, ನೆಲದಿಂದ ಮೊಳದೆತ್ತರಕ್ಕೆ, ತಟ್ಟೆಯಗಲ ಗಾರೆ ಸವೆದು ನುಣ್ಣಗೆ ಗುಳಿಬಿದ್ದಿತ್ತು. ಮಗ ನೇರ ಹೋಗಿ ಅಲ್ಲಿ ಕೂತು, ಗೋಡೆಗೆ ಬೆನ್ನು ತಾಗಿಸುತ್ತಾ ಹಿಂದೆ ಮುಂದೆ ತೂಗತೊಡಗಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಬೆನ್ನು ಆ ಗುಳಿಯಲ್ಲಿ ಕೂತಿತು.

ಅತ್ತೆ ಯಾವಾಗ ಬಂದರೋ, ಬಾಗಿಲ ಬಳಿ ನಿಂತಿದ್ದರು.

"ಯಾರತ್ತೆ ಇಲ್ಲಿ ಕೂರ್ತಿದ್ದಿದ್ದು? ಮಾವನಿಗೆ ಯಾರಾದ್ರೂ ತಮ್ಮ ಇದ್ರಾ?"

ಅವರು ಗೋಡೆ ನೋಡಲಿಲ್ಲ, ಮೊಮ್ಮಗನನ್ನೂ ನೋಡಲಿಲ್ಲ. ನನ್ನ ಹೊಟ್ಟೆಯನ್ನೇ ನೋಡುತ್ತಾ ಹೇಳಿದರು:

"ನಿನ್ನ ಗಂಡನ ಅಕ್ಕ."