ಸ್ಕ್ರೂ ಡಬ್ಬಿಯ ಮಾತ್ರೆಗಳು

ಜೂನ್ ಒಂಬತ್ತರ ಬೆಳಿಗ್ಗೆಗೆ ಗಡಿಯಾರ ರಿಪೇರಿಯವನ ಸ್ಕ್ರೂ ಡಬ್ಬಿಯಲ್ಲಿ ನಲವತ್ತೊಂದು ಮಾತ್ರೆಗಳು ಕೂಡಿದ್ದವು. ಎದೆಬಡಿತ ವಿಪರೀತ ಓಡದಂತೆ ಹಿಡಿದಿಡಲು ವೈದ್ಯೆ ಬರೆದುಕೊಟ್ಟ ಮಾತ್ರೆಗಳವು. ಹೆಂಡತಿ ದಿನವೂ ಒಂದನ್ನು ಅವನ ಅಂಗೈಗೆ ಹಾಕುತ್ತಿದ್ದಳು. ಅವನು ಅದನ್ನು ಜೇಬಿಗಿಳಿಸಿ, ಅಂಗಡಿಯಲ್ಲಿ ಕುಳಿತು ನಾಡಿ ಎಣಿಸುತ್ತಿದ್ದ. ನಿಮಿಷಕ್ಕೆ ಎಪ್ಪತ್ತೆರಡರ ಆಸುಪಾಸಿನಲ್ಲಿದ್ದರೆ ಮಾತ್ರೆ ಡಬ್ಬಿ ಸೇರುತ್ತಿತ್ತು. ಸರಿಯಾಗಿ ನಡೆಯುವ ಯಂತ್ರವನ್ನು ಬಿಚ್ಚಬಾರದೆಂಬುದು ಅವನ ಕಸುಬಿನ ನಿಯಮ.

ಅಂದು ಮಧ್ಯಾಹ್ನ ನಾಡಿ ನೂರೆಂಬತ್ತು ದಾಟಿ ಅವನು ಕೂತಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಬಡಿತ ಹತೋಟಿಗೆ ಬಂದ ಮೇಲೆ ವೈದ್ಯೆ ಹೆಂಡತಿಯನ್ನು ಕೇಳಿದರು: "ಮಾತ್ರೆ ಕೊಡೋದು ಮರೆತ್ರೇನಮ್ಮಾ?"

"ದಿನಾ ಕೊಟ್ಟಿದ್ದೀನಿ ಅನ್ಕೊಂಡಿದ್ದೆ, ಡಾಕ್ಟ್ರೇ. ವಯಸ್ಸಾಯ್ತಲ್ಲ, ಎಲ್ಲೋ ತಪ್ಪಿರಬೇಕು." ಅವಳು ತಲೆ ತಗ್ಗಿಸಿದಳು. ಅವನು ಗೋಡೆ ಗಡಿಯಾರದ ಕಡೆ ಮುಖ ತಿರುಗಿಸಿದ.

"ಎಲ್ಲೋ ಒಂದು ದಿನ ತಪ್ಪಿದ್ರೆ ಇಷ್ಟಾಗಲ್ಲ, ಈ ಔಷಧಿ ಸಾಲ್ತಿಲ್ಲ. ಇನ್ನೂ ಜೋರಾದದ್ದು ಕೊಡಬೇಕು," ಎಂದು ವೈದ್ಯೆ ಪೆನ್ನು ತೆಗೆದರು.

"ಅವಳು ಒಂದು ದಿನಾನೂ ತಪ್ಪಿಸಿಲ್ಲ. ನಾನೇ ನುಂಗಿಲ್ಲ," ಎಂದ. "ನಾಡಿ ಸರಿಯಿತ್ತು."

"ಸರಿಯಿದ್ದದ್ದು ಕೆಡದ ಹಾಗೆ ನೋಡ್ಕೊಳ್ಳೋಕೇ ಈ ಮಾತ್ರೆ, ಯಜಮಾನ್ರೇ." ವೈದ್ಯೆ ಹಳೆಯ ಔಷಧಿಯನ್ನೇ ಉಳಿಸಿದರು.

"ಊರವರ ಗಡಿಯಾರವೆಲ್ಲ ಇವರು ರಿಪೇರಿ ಮಾಡ್ತಾರೆ," ಎಂದು ಹೆಂಡತಿ ನಕ್ಕಳು. "ಇವರನ್ನ ರಿಪೇರಿ ಮಾಡೋರು ಯಾರು?"

ನಕ್ಕರೂ ಅವಳು ಅವನ ಕಡೆ ನೋಡಲಿಲ್ಲ. ತನ್ನ ನೆನಪನ್ನೇ ಅವಳು ಅನುಮಾನಿಸಿದಾಗ ಅವನು ಸುಮ್ಮನಿದ್ದ. ಅದಕ್ಕೆ ಅವನು ತಪ್ಪಾಯಿತೆನ್ನಬೇಕಿತ್ತು. ಅವಳು ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಟಳು. ಆ ಮಾತು ಬಾಕಿಯೇ ಉಳಿಯಿತು.