ಮಗಳಿಗೆ ಬೇಡವೆಂದ ಸಾಲ

ನನ್ನ ಗಂಡ ವೇಣುಗೋಪಾಲ ಕೆಟ್ಟವರಲ್ಲ, ಅದೇ ನನಗೆ ತಲೆನೋವು. ಕುಡಿದೋ ಜೂಜಾಡಿಯೋ ಮನೆ ಕಳೆದಿದ್ದರೆ ಬಾಯ್ತುಂಬ ಬೈದು ಹಗುರಾಗುತ್ತಿದ್ದೆ. ಇವರು ಕಳೆದದ್ದು ಮಗಳ ಮೇಲಿನ ಪ್ರೀತಿಯಿಂದ.

ಗೌರಿಗೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಲ್ಲಿ ಮೆಡಿಕಲ್ ಸೀಟು ಸಿಕ್ಕಾಗ ನಾವು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಸ್ವಂತ ಮನೆಯಲ್ಲಿದ್ದೆವು. ಸ್ವಂತ ಅಂದರೆ ಬ್ಯಾಂಕಿನದು, ಕಂತು ಕಟ್ಟುವವರು ಮಾತ್ರ ನಾವು. ಇಲ್ಲಿ ಸಿಟಿಜನ್ ಮಕ್ಕಳ ಫೀಸನ್ನು ಸರ್ಕಾರವೇ ಸಾಲವಾಗಿ ಕಟ್ಟುತ್ತದೆ. ಕೆಲಸ ಸಿಕ್ಕಿ ಸಂಬಳ ಒಂದು ಮಟ್ಟ ದಾಟಿದ ಮೇಲೆ ಸ್ವಲ್ಪಸ್ವಲ್ಪವಾಗಿ ಹಿಡಿದುಕೊಳ್ಳುತ್ತದೆ. ಬಡ್ಡಿ ಇಲ್ಲ, ಬೆಲೆ ಏರಿಕೆಯ ಲೆಕ್ಕದಲ್ಲಿ ಒಂದಿಷ್ಟು ಸೇರುತ್ತದೆ, ಅಷ್ಟೆ. ನಮ್ಮ ಪರಿಚಯದ ಕನ್ನಡದ ಮನೆಗಳ ಮಕ್ಕಳೆಲ್ಲ ಅದನ್ನೇ ತೆಗೆದುಕೊಂಡಿದ್ದರು. ನಾನೂ ಹೇಳಿದೆ. ಇವರು ಕೇಳಬೇಕಲ್ಲ.

"ಸಾಲ ಹೊತ್ಕೊಂಡು ಡಾಕ್ಟರಾಗ್ಬೇಕಾ ನನ್ನ ಮಗಳು? ನಾಳೆ ಗಂಡಿನ ಕಡೆಯವ್ರು ಕೇಳಿದ್ರೆ ಏನಂತ ಹೇಳ್ಲಿ?"

ಆ ಗಂಡಿನ ಕಡೆಯವರು ಯಾವ ಲೋಕದಲ್ಲಿದ್ದರೋ ದೇವರೇ ಬಲ್ಲ. ಹುಡುಗಿಗಿನ್ನೂ ಹದಿನೆಂಟು. ಇವರು ಮನೆಯ ಮೇಲೆ ಇನ್ನಷ್ಟು ಸಾಲ ಎತ್ತಿ ಪ್ರತಿ ಸೆಮಿಸ್ಟರಿನ ಫೀಸನ್ನು ಮೊದಲೇ ಕಟ್ಟಿದರು. ಅವಳ ಬಾಡಿಗೆ, ಓಡಾಡಲು ಕಾರು, ಎಲ್ಲ ಅದರಲ್ಲೇ. ಆಗ ಬಡ್ಡಿ ವರ್ಷಕ್ಕೆ ಶೇಕಡ ಎರಡು ಚಿಲ್ಲರೆ. ಇವರು ಎಂಜಿನಿಯರು, ಲೆಕ್ಕ ಬಾರದವರಲ್ಲ. ಮಗಳ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕವೆಲ್ಲ ಅಟ್ಟ ಹತ್ತುತ್ತಿತ್ತು.

ಬಡ್ಡಿ ಆರು ದಾಟಿತು. ಅದೇ ಹೊತ್ತಿಗೆ ಇವರಿದ್ದ ಗಣಿಯ ಪ್ರಾಜೆಕ್ಟು ಮುಗಿದು, ಐವತ್ತೇಳರ ಇವರು ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ನನಗೆ ಬರುವ ಸಂಬಳ ಕಂತಿಗೆ ಯಾವ ಮೂಲೆಗೂ ಸಾಲಲಿಲ್ಲ. ಮನೆ ಮಾರಿದೆವು. ಬ್ಯಾಂಕಿನವರದು, ಕ್ರೆಡಿಟ್ ಕಾರ್ಡುಗಳದು ಎಲ್ಲ ತೀರಿಸಿ ಉಳಿದ ಅಷ್ಟಿಷ್ಟರಲ್ಲೂ ಇವರು ಮೊದಲು ಕಟ್ಟಿದ್ದು ಗೌರಿಯ ಫೀಸು. ನಾವು ಪರ್ತ್‌ನ ಇನ್ನೊಂದು ಮೂಲೆಯ ಥಾರ್ನ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು.

ಮನೆ ಮಾರಿದ್ದನ್ನು ಅವಳಿಗೆ ಹೇಳಕೂಡದೆಂದು ಇವರ ಹಟ. ಪರೀಕ್ಷೆ ಕೆಡುತ್ತದಂತೆ. ವಿಡಿಯೊ ಕಾಲ್ ಬಂದಾಗಲೆಲ್ಲ ಬೋಳು ಗೋಡೆಗೆ ಒರಗಿ ಕೂತು, ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ ಎನ್ನುತ್ತಿದ್ದರು. ಪಕ್ಕದಲ್ಲಿ ಕೂತು ನಗಬೇಕಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ, ತಾನೇ ಸಾಲದಲ್ಲಿ ಮುಳುಗಿರುವ ಸರ್ಕಾರ ಓದಿನ ಸಾಲದಲ್ಲಿ ಐದರಲ್ಲೊಂದು ಪಾಲನ್ನು ಮನ್ನಾ ಮಾಡಿತು. ನಮ್ಮ ಕಡೆ ಸಾಲಮನ್ನಾ ಎಂದರೆ ರೈತರಿಗೆ, ಇಲ್ಲಿ ಓದುವ ಮಕ್ಕಳಿಗೆ. ಗೌರಿ ಅಂದೇ ಫೋನ್ ಮಾಡಿ ನಕ್ಕಳು. ಕ್ಲಾಸಿನವರಿಗೆಲ್ಲ ಸಾವಿರಾರು ಡಾಲರ್ ಉಳಿಯಿತಂತೆ, ಸಾಲವೇ ಇಲ್ಲದ ಇವಳಿಗೆ ಸೊನ್ನೆ. ಇವರೂ ಜೋರಾಗಿ ನಕ್ಕರು. ಫೋನ್ ಇಟ್ಟವರು ರಾತ್ರಿ ಊಟಕ್ಕೆ ಏಳಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು.

ಪರೀಕ್ಷೆ ಮುಗಿಸಿದ ಗೌರಿ ನಮಗೆ ಹೇಳದೆ ವಿಮಾನ ಹತ್ತಿದಳು. ಅಪ್ಪ ಅಮ್ಮನಿಗೆ ಸರ್ಪ್ರೈಸ್ ಕೊಡುವ ಆಸೆ. ನೇರ ಎಲೆನ್‌ಬ್ರೂಕ್‌ಗೆ ಹೋಗಿ ಬೆಲ್ಲು ಒತ್ತಿದರೆ, ಮಗುವನ್ನು ಎತ್ತಿಕೊಂಡ ಯಾರೋ ಹೆಂಗಸು ಬಾಗಿಲು ತೆರೆದು, ಯಾರು ಬೇಕೆಂದು ಕೇಳಿದಳಂತೆ.

ಅವಳ ಫೋನ್ ಬಂದು ನಾವು ಹೋದಾಗ ಹುಡುಗಿ ಫುಟ್‌ಪಾತಿನ ಮೇಲೆ ಸೂಟ್‌ಕೇಸಿನ ಪಕ್ಕ ಕೂತಿದ್ದಳು. ಥಾರ್ನ್ಲಿಗೆ ಬಂದ ಮೇಲೆ ಇವರು ಎಲ್ಲವನ್ನೂ ಹೇಳಿದರು, ತಲೆ ಮಾತ್ರ ಎತ್ತಲಿಲ್ಲ.

ಅವಳು ಕೂಗಾಡಲಿ ಎಂದು ಕಾದೆ. ಕೂಗಾಡಲಿಲ್ಲ. ಮುಂದಿನ ಫೀಸಿಗೆಲ್ಲ ಸರ್ಕಾರದ ಸಾಲ ತೆಗೆಯುತ್ತೇನೆ, ವೃದ್ಧಾಶ್ರಮವೊಂದರಲ್ಲಿ ವಾರಾಂತ್ಯದ ಪಾಳಿಗೆ ಕರೆದಿದ್ದಾರೆ, ಹೋಗುತ್ತೇನೆ ಎಂದಳು. ಇವರು ಬೇಡವೆಂದರು, ಓದು ಹಾಳಾಗುತ್ತದೆ ಎಂದರು. ಈ ತಿಂಗಳ ಬಾಡಿಗೆ ಕಟ್ಟಿದ್ದೀರಾ ಎಂದು ಅವಳು ಕೇಳಿದಳು. ಇವರು ನನ್ನ ಮುಖ ನೋಡಿದರು. ಕಟ್ಟಿರಲಿಲ್ಲ.

ಗೌರಿ ಫೋನ್ ತೆಗೆದಳು. "ಡ್ಯಾಡ್, ವಾಟ್ಸ್ ಯುವರ್ ಅಕೌಂಟ್ ನಂಬರ್?"

ಸಾಕು ಬಿಡು ಮಗು, ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂದು ಇವರು ಹೇಳುತ್ತಾರೆಂದು ಕಾದೆ. ಆ ಮಾತೊಂದನ್ನು ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇವರು ಕನ್ನಡಕ ತೆಗೆದು ಒರೆಸಿಕೊಂಡು, ನಂಬರು ಹೇಳತೊಡಗಿದರು. ಮಧ್ಯೆ ಒಂದು ಅಂಕಿ ತಪ್ಪಿತು. ಮೊದಲಿನಿಂದ ಹೇಳಿ ಎಂದಳು ಮಗಳು. ಇವರು ಮೊದಲಿನಿಂದ ಹೇಳಿದರು.